ನೆಟ್ಟಗೆ ಕೂತಿದ್ದವಳು

ಹೋದ ಭಾನುವಾರ ಸಂಜೆ ಲಿಲ್ಲಿ ಬಾಯಿ ಫೋನ್ ಮಾಡಿದರು. ಇಪ್ಪತ್ತು ವರ್ಷ ಲಂಡನ್ನಿನ ಕಿಂಗ್ಸ್‌ಬರಿಯ ನನ್ನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದವರು. ನಾನು ನಿವೃತ್ತಳಾಗಿ ಪಿನ್ನರ್‌ನ ಮನೆಯಲ್ಲಿ ಗುಲಾಬಿ ಗಿಡಗಳ ಸೇವೆಗೆ ಇಳಿದ ಮೇಲೂ ವಾರಕ್ಕೊಮ್ಮೆ ಫೋನ್ ಮಾಡುವುದನ್ನು ಬಿಟ್ಟಿಲ್ಲ. ಕಿನ್ನಿಗೋಳಿ ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಮಂಗಳೂರು ಕನ್ನಡ. ಬಾಯಿ ಎಂದು ಕರೆಯುವುದು ಅವರ ಕಡೆಯೂ ನಡೆಯುತ್ತದೆ, ನಮ್ಮ ಧಾರವಾಡದ ಕಡೆಯೂ ನಡೆಯುತ್ತದೆ. ಹಾಗಾಗಿ ಮೊದಲ ದಿನದಿಂದಲೇ ನಮ್ಮಿಬ್ಬರಿಗೂ ಅದೇ ರೂಢಿಯಾಯಿತು.

"ಡಾಕ್ಟ್ರೇ, ಟಿವಿ ಹಾಕಿ. ನಮ್ಮ ಹುಡುಗಿ ಬರ್ತಾ ಇದ್ದಾಳೆ. ಜಡ್ಜ್ ಪಾರ್ಟು."

"ಯಾವ ಹುಡುಗೀರಿ?" ಎಂದೆ, ಗೊತ್ತಿದ್ದೂ.

"ಎಂತ ಯಾವ ಹುಡುಗಿ. ನೀವು ಏನೂ ಆಗಿಲ್ಲ ಅಂತ ಮನೆಗೆ ಕಳಿಸಿದ ಹುಡುಗಿ."

ಲಿಲ್ಲಿ ಬಾಯಿ ಇದನ್ನು ಚುಚ್ಚಲು ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಗುರುತು ಹೇಳುವ ಒಂದು ರೀತಿ. ನಾನು ಟಿವಿ ಹಾಕಿದೆ. ಕೂದಲು ಅರ್ಧ ನೆರೆತಿದೆ, ಕನ್ನಡಕ ಬಂದಿದೆ, ದಪ್ಪ ಹುಬ್ಬುಗಳು ಮಾತ್ರ ಹಾಗೇ ಇವೆ. ಏನೋ ತೀರ್ಪು ಓದುತ್ತಿದ್ದಳು. ಮಾತು ನನ್ನ ಕಿವಿಗೆ ಬೀಳಲಿಲ್ಲ. ಈ ಮುಖದಲ್ಲಿ ಎಷ್ಟು ನಿಜ, ಎಷ್ಟು ಕಲಿತದ್ದು ಎಂದು ಹಳೆಯ ಕಾಲದ ಹಾಗೆಯೇ ಹುಡುಕುತ್ತಾ ಕೂತಿದ್ದೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರೋಗಿಯ ಹೆಸರನ್ನು ಡಾಕ್ಟರು ಬರೆಯಬಾರದು.

ನಾನು ಅವಳನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಹದಿನೈದು ದಿನಕ್ಕೊಮ್ಮೆ, ಬುಧವಾರ, ಟ್ಯೂಬ್ ರೈಲು ಹತ್ತಿ ಊರ ನಡುವಿನ ಒಂದು ಮೆಡಿಕಲ್ ಕಾಲೇಜಿಗೆ ಹೋಗಿ, ರೋಗಿಯ ಜೊತೆ ಹೇಗೆ ಮಾತಾಡಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ಮಾತಾಡುವುದನ್ನೂ ಹೇಳಿಕೊಡಬೇಕೇ ಎಂದು ಹುಬ್ಬಳ್ಳಿಯಲ್ಲಿ ಓದಿದ ನನಗೆ ಮೊದಲು ನಗು ಬಂದಿತ್ತು. ನಾವು ಓದುವಾಗ ಒಂದು ವಾರ್ಡಿನಲ್ಲಿ ನೂರು ಜನ. ನಾಲಿಗೆ ಚಾಚು, ಆ ಕಡೆ ತಿರುಗು, ಮುಗಿಯಿತು. ಇಲ್ಲಿ ರೋಗಿಯ ಪಾರ್ಟು ಮಾಡಲು ನಟನಟಿಯರನ್ನು ಕರೆಸುತ್ತಿದ್ದರು. ನಾಟಕಶಾಲೆ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರೇ ಹೆಚ್ಚು. ಕೈಗೆ ಒಂದು ಕಾರ್ಡು ಕೊಡುತ್ತಿದ್ದರು. ಯಾರು, ಎಷ್ಟು ವಯಸ್ಸು, ಏನು ನೋವು, ಡಾಕ್ಟರು ಕೇಳಿದರೆ ಏನು ಹೇಳಬೇಕು, ಕೇಳದಿದ್ದರೆ ಏನು ಮುಚ್ಚಿಡಬೇಕು, ಎಲ್ಲ ಅದರಲ್ಲಿ ಇರುತ್ತಿತ್ತು.

ಅವಳಿಗೆ ಅಂದು ಕೊಟ್ಟಿದ್ದು ಹೊಟ್ಟೆನೋವಿನ ಹೆಂಗಸಿನ ಪಾರ್ಟು. ಹೊಟ್ಟೆಯಲ್ಲಿ ಏನೂ ಇಲ್ಲ, ಗಂಡ ಹೊಡೆಯುತ್ತಾನೆ. ಅದನ್ನು ವಿದ್ಯಾರ್ಥಿ ಮಾತಾಡಿಸಿ ಹೊರಗೆ ತರಬೇಕು. ಆರು ಜನ ವಿದ್ಯಾರ್ಥಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ಆರು ಸಲವೂ "ಮನೇಲಿ ಎಲ್ಲಾ ಸರಿಯಾಗಿದೆ" ಎನ್ನುವ ಅದೇ ಮಾತಿನ ಹತ್ತಿರ ಅವಳ ಕಣ್ಣು ತುಂಬಿತು. ಆರನೆಯವನು ಎದ್ದು ಹೋದ ಕೂಡಲೇ ತೋಳಿನಿಂದ ಮುಖ ಒರೆಸಿಕೊಂಡು, ಚೀಲದಿಂದ ಮೊಟ್ಟೆಯ ಸ್ಯಾಂಡ್‌ವಿಚ್ ತೆಗೆದು ನಿಂತುಕೊಂಡೇ ತಿಂದಳು. ನನಗೆ ಅದು ಸರಿಬರಲಿಲ್ಲ. ಅಳು ನೋಡಿದರೆ ನಂಬುವ ಮನೆಯಲ್ಲಿ ಬೆಳೆದವಳು ನಾನು.

"ಅಳು ಹೇಗೆ ತರಿಸ್ಕೋತೀಯಾ?" ಎಂದು ಕೇಳಿದೆ.

"ತರಿಸಲ್ಲ ಡಾಕ್ಟರ್, ತಡೀತೀನಿ. ತಡೆಯೋಕೆ ಹೋದ್ರೆ ಅದಾಗೇ ಬರುತ್ತೆ," ಎಂದಳು, ಬಾಯಿ ತುಂಬಾ ಮೊಟ್ಟೆ ಇಟ್ಟುಕೊಂಡು.

ಇಪ್ಪತ್ಮೂರು ವರ್ಷ. ಹುಟ್ಟಿದ್ದು ಕೊಲಂಬಿಯಾದಲ್ಲಿ. ಎಂಟನೇ ವಯಸ್ಸಿಗೆ ತಾಯಿಯ ಜೊತೆ ಲಂಡನ್ನಿಗೆ ಬಂದಳು. ತಾಯಿ ಬೆಳಗಿನ ಜಾವ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಸ್ಪ್ಯಾನಿಷ್. ನಾಟಕಶಾಲೆಯಲ್ಲಿ ಮೂರು ವರ್ಷ ಅವಳ ನಾಲಿಗೆಯಿಂದ ಆ ಸ್ಪ್ಯಾನಿಷ್ಷಿನ ಎಳೆತವನ್ನು ಉಜ್ಜಿ ತೆಗೆದರಂತೆ. ಹಲ್ಲಿನ ಮಧ್ಯೆ ಬಾಟಲಿಯ ಬಿರಡೆ ಕಚ್ಚಿಕೊಂಡು ದಿನಾ ಒಂದು ಗಂಟೆ ಇಂಗ್ಲಿಷ್ ಓದಬೇಕಿತ್ತು. ಶಾಲೆ ಮುಗಿಸಿ ಹೊರಗೆ ಬಂದರೆ ಸಿಗುತ್ತಿದ್ದುದೆಲ್ಲ ಮನೆಗೆಲಸದವಳ ಪಾರ್ಟು, ಇಲ್ಲವೆಂದರೆ ಮಾದಕ ವಸ್ತು ಸಾಗಿಸುವವನ ಗೆಳತಿ. "ಸ್ವಲ್ಪ ನಿಮ್ಮೂರಿನ ತರಹ ಮಾತಾಡಿ" ಎನ್ನುತ್ತಿದ್ದರಂತೆ. "ಮೂರು ವರ್ಷ ಕಷ್ಟಪಟ್ಟು ಬಿಟ್ಟಿದ್ದನ್ನ ಈಗ ಅಮ್ಮನ ಹತ್ರ ಕೂತು ವಾಪಸ್ ಕಲೀತಿದೀನಿ," ಎಂದಳು. ಇನ್ನೊಂದು ಸಲ, ನಾಟಕಶಾಲೆಯವರು ಯಾವುದಾದರೂ ಪ್ರಾಣಿಯನ್ನು ನೋಡಿ ಅದರಂತಾಗಬೇಕೆಂದು ಹೇಳಿದ್ದಕ್ಕೆ ಮೂರು ವಾರ ಮೃಗಾಲಯದಲ್ಲಿ ಒಂಟೆಯ ಮುಂದೆ ನಿಂತಿದ್ದಾಗಿ ಹೇಳಿದಳು. ಹೇಳುತ್ತಲೇ ಕುತ್ತಿಗೆಯನ್ನು ಒಂದಿಷ್ಟು ಮುಂದೆ ತಂದು, ಕೆಳಗಿನ ದವಡೆಯನ್ನು ಪಕ್ಕಕ್ಕೆ ಸರಿಸಿದಳು. ಅಷ್ಟೇ. ಎದುರಿಗೆ ಒಂಟೆ ನಿಂತಿತ್ತು. ನನಗೆ ನಗುವೂ ಬಂತು, ಒಳಗೆ ಏನೋ ಹಿಂಜರಿಕೆಯೂ ಆಯಿತು.

ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಎದುರು ಬಂದು ಕೂತು ಪ್ರಶ್ನೆ ಕೇಳುತ್ತಿದ್ದಳು. ರೋಗಿ ಸುಳ್ಳು ಹೇಳಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದಳು. ಉಮೇದಿನಲ್ಲಿ ಹೇಳಿಬಿಟ್ಟೆ. ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ನೋವಿರುವವರ ಕೈ ತಾನಾಗಿ ನೋವಿನ ಜಾಗಕ್ಕೆ ಹೋಗಿ ಹಗುರವಾಗಿ ಕೂರುತ್ತದೆ. ಸುಳ್ಳು ಹೇಳುವವರು ಬೆರಳಿನಿಂದ ತೋರಿಸುತ್ತಾರೆ, ಇಲ್ಲವೇ ಗಟ್ಟಿಯಾಗಿ ಅದುಮಿ ಹಿಡಿಯುತ್ತಾರೆ.

ಮುಂದಿನ ಬುಧವಾರ ಅವಳ ಕೈ ಬದಲಾಗಿತ್ತು. ಅಂಗೈ ಹೊಟ್ಟೆಯ ಮೇಲೆ ಹಗುರವಾಗಿ ಕೂತಿತ್ತು. ಇಪ್ಪತ್ತು ವರ್ಷ ಸಾವಿರಾರು ರೋಗಿಗಳನ್ನು ನೋಡಿ ನಾನು ಕಂಡುಕೊಂಡಿದ್ದನ್ನು ಎರಡು ವಾರದಲ್ಲಿ ಮೈಗೆ ಹಚ್ಚಿಕೊಂಡಿದ್ದಳು. ಮೋಸ ಹೋದೆ ಅನಿಸಿತು. ಅದೇ ಮಧ್ಯಾಹ್ನ ಗಾಜಿನ ಬಾಗಿಲಿನಾಚೆ ಅವಳು ನಾಲ್ಕು ಜನರ ನಡುವೆ ನಿಂತು, ಇಲ್ಲದ ಕನ್ನಡಕವನ್ನು ಮೂಗಿನಿಂದ ತೆಗೆದು, ತಲೆಯ ಮೇಲಿಟ್ಟು, ಆಮೇಲೆ ಅದನ್ನೇ ಮೇಜಿನ ಮೇಲೆ ಹುಡುಕುವುದನ್ನು ನೋಡಿದೆ. ಎಲ್ಲರೂ ನಕ್ಕರು. ಅದು ನಾನೇ. ಇನ್ನು ಇವಳ ಹತ್ತಿರ ಎಚ್ಚರದಿಂದ ಇರಬೇಕು ಎಂದುಕೊಂಡೆ.

ಮಾರನೇ ವರ್ಷ ಅವಳೇ ನನ್ನ ಕ್ಲಿನಿಕ್ಕಿಗೆ ಬಂದು ಹೆಸರು ನೋಂದಾಯಿಸಿದಳು. ಕಿಂಗ್ಸ್‌ಬರಿಯಲ್ಲಿ ಗೆಳತಿಯ ಫ್ಲ್ಯಾಟಿನಲ್ಲಿ ಒಂದು ಕೋಣೆ ಸಿಕ್ಕಿತ್ತಂತೆ. ಲಂಡನ್ನಿನಲ್ಲಿ ಇಷ್ಟು ಡಾಕ್ಟರುಗಳಿರುವಾಗ ನನ್ನನ್ನೇ ಏಕೆ ಹುಡುಕಿಕೊಂಡು ಬಂದಳು ಎಂಬ ಪ್ರಶ್ನೆ ನನ್ನೊಳಗೆ ಕೂತಿತು. ಲಿಲ್ಲಿ ಬಾಯಿಗೆ ಅಂಥ ಪ್ರಶ್ನೆಯೇ ಇರಲಿಲ್ಲ. ಅವರ ಚರ್ಚಿಗೇ ಅವಳೂ ಬರುತ್ತಿದ್ದಳು. ಎರಡೇ ಭಾನುವಾರಗಳಲ್ಲಿ ಇವರ ಮನೆಯ ಇಡ್ಲಿಯಂಥ ಸಣ್ಣಾಸ್ ತಿನ್ನುವಷ್ಟು ಸಲಿಗೆಯಾಯಿತು.

ಒಂದು ದಿನ ಬೆನ್ನುನೋವು ಎಂದು ಬಂದಳು. ಸೊಂಟ ಒಂದು ಕಡೆ ವಾಲಿತ್ತು. ಕುರ್ಚಿಯಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೆಲ್ಲಗೆ ಎದ್ದಳು. ಕೆಲಸ ಮಾಡುತ್ತಿದ್ದ ಕೆಫೆಗೆ ಹತ್ತು ದಿನದ ರಜೆಯ ಚೀಟಿ ಬೇಕಿತ್ತು. ಪರೀಕ್ಷೆ ಮಾಡಿ ಬರೆದುಕೊಟ್ಟೆ. ಮುಂದಿನ ವಾರ ಲಿಲ್ಲಿ ಬಾಯಿ ಚಹಾ ತಂದಿಡುತ್ತಾ ಹೇಳಿದರು, "ನಿನ್ನೆ ನಾವು ಹುಡುಗಿಯ ನಾಟಕಕ್ಕೆ ಹೋಗಿದ್ದೆವು ಡಾಕ್ಟ್ರೇ. ಪಬ್ಬಿನ ಮಾಳಿಗೆಯಲ್ಲಿ ಸಣ್ಣ ಥಿಯೇಟರ್. ಎಂತ ಕುಣಿತ ಮಾರಾಯ್ರೆ, ರಬ್ಬರಿನ ಹಾಗೆ ಬಗ್ತಾಳೆ."

ನನಗೆ ಮೈ ಉರಿಯಿತು. ಮತ್ತೆ ಗಂಟಲುನೋವಿಗೆಂದು ಬಂದಾಗ ನೇರವಾಗಿ ಕೇಳಿದೆ. ಅವಳು ಅಲ್ಲಗಳೆಯಲಿಲ್ಲ.

"ಹೌದು ಡಾಕ್ಟರ್, ಸುಳ್ಳು ಹೇಳಿದೆ. ಕೆಫೆಯವನು ರಜೆ ಕೊಡ್ತಿರಲಿಲ್ಲ. ನಾಟಕ ಬಿಡೋಕೆ ಆಗ್ತಿರಲಿಲ್ಲ. ತಪ್ಪಾಯ್ತು."

"ಇನ್ನು ಮೇಲೆ ನಿನ್ನ ಮಾತನ್ನ ನಾನು ಹೇಗೆ ನಂಬಲಿ?"

ಉತ್ತರ ಬಯಸಿ ಕೇಳಿದ ಪ್ರಶ್ನೆಯಲ್ಲ. ಆದರೆ ಅವಳು ಅದನ್ನು ಪ್ರಶ್ನೆಯೆಂದೇ ತೆಗೆದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ, "ಗೊತ್ತಿಲ್ಲ," ಎಂದಳು.

ಆಮೇಲೆ ಎರಡು ವರ್ಷ ಅವಳು ಕ್ಲಿನಿಕ್ಕಿಗೆ ಬಂದದ್ದು ಕಡಿಮೆ. ಕಾಲೇಜಿನಲ್ಲಿ ಸಿಗುತ್ತಿದ್ದಳು. ಅಷ್ಟರಲ್ಲಿ ಲಿಲ್ಲಿ ಬಾಯಿ ಒಂದು ಸುದ್ದಿ ತಂದರು. ಹುಡುಗಿಗೆ ದೊಡ್ಡ ಥಿಯೇಟರಿನಲ್ಲಿ ಪಾರ್ಟು ಸಿಕ್ಕಿದೆ. ಮನೆಗೆಲಸದವಳಲ್ಲ, ಯಾರ ಗೆಳತಿಯೂ ಅಲ್ಲ. ಸ್ಕೂಲ್ ಟೀಚರ್, ಶುದ್ಧ ಇಂಗ್ಲಿಷಿನವಳು, ಎರಡು ಗಂಟೆಯ ನಾಟಕದಲ್ಲಿ ಬಹುಪಾಲು ವೇದಿಕೆಯ ಮೇಲೇ ಇರುವವಳು. ಸೋಮವಾರದಿಂದ ರಿಹರ್ಸಲ್. ಚರ್ಚಿನಲ್ಲಿ ಅವಳಿಗಾಗಿ ಮೇಣದ ಬತ್ತಿಯನ್ನೂ ಹಚ್ಚಿ ಬಂದಿದ್ದರು ಲಿಲ್ಲಿ ಬಾಯಿ.

ಆ ಸೋಮವಾರಕ್ಕೆ ಮೊದಲಿನ ಶುಕ್ರವಾರ ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಹೊಟ್ಟೆನೋವು, ನಿನ್ನೆಯಿಂದ, ಎಂದಳು.

ಆ ದೃಶ್ಯ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಬೆನ್ನು ಒಂದಿಷ್ಟೂ ಬಾಗಿರಲಿಲ್ಲ. ಎರಡೂ ಕೈ ಮೊಣಕಾಲ ಮೇಲೆ. ಹೊಟ್ಟೆಯ ಹತ್ತಿರ ಒಮ್ಮೆಯೂ ಹೋಗಲಿಲ್ಲ. ಮಂಚದ ಮೇಲೆ ಮಲಗಿಸಿ ಒತ್ತಿ ನೋಡಿದೆ. "ನೋಯುತ್ತಾ?" ಎಂದರೆ, "ನೋಯುತ್ತೆ," ಎಂದಳು, ಮಳೆ ಬರುತ್ತಿದೆ ಎಂದು ಹೇಳುವ ದನಿಯಲ್ಲಿ. ಮುಖ ಕಿವುಚಲಿಲ್ಲ. ಹೊಟ್ಟೆ ಮೆತ್ತಗಿತ್ತು. ಜ್ವರ ಇತ್ತೆಂದರೆ ಇತ್ತು, ಅಷ್ಟೇ. ಇವಳಿಗೆ ನಿಜವಾಗಿ ನೋವಿದ್ದರೆ ಕೈ ಹೀಗೆ ಇರುತ್ತಿತ್ತೇ ಎಂದುಕೊಂಡೆ. ಸೋಮವಾರ ರಿಹರ್ಸಲ್, ಕೆಫೆಯವನಿಗೆ ಮತ್ತೆ ಚೀಟಿ ಬೇಕಾಗಿದೆ, ಈ ಸಲ ಹೊಸ ಉಪಾಯ ಹೂಡಿದ್ದಾಳೆ, ಅತಿ ಮಾಡಿದರೆ ನಾನು ಹಿಡಿಯುತ್ತೇನೆಂದು ಏನೂ ಮಾಡದೆ ಕೂತಿದ್ದಾಳೆ. ಹೀಗೆ ಲೆಕ್ಕ ಹಾಕಿದೆ. ಅವಳು ಚೀಟಿ ಕೇಳಲೇ ಇಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

"ಹೊಸ ಕೆಲಸದ ಗಾಬರಿ. ಆ್ಯಸಿಡಿಟಿ ಇರಬೇಕು," ಎಂದು ಔಷಧಿ ಬರೆದೆ. "ಜಾಸ್ತಿಯಾದರೆ ಬಾ."

"ಸರಿ ಡಾಕ್ಟರ್," ಎಂದು ಎದ್ದಳು. ಏಳುವಾಗಲೂ ಬಾಗಲಿಲ್ಲ.

ಅವಳು ಹೋದ ಸ್ವಲ್ಪ ಹೊತ್ತಿಗೆ ಲಿಲ್ಲಿ ಬಾಯಿ ಒಳಗೆ ಬಂದರು. "ಡಾಕ್ಟ್ರೇ, ಹುಡುಗಿ ನಿಮ್ಮ ಹತ್ರ ಹೇಳಿದಳಾ? ಒಳಗೆ ಬರುವ ಮೊದಲು ಟಾಯ್ಲೆಟ್ಟಿನಲ್ಲಿ ವಾಂತಿ ಮಾಡಿದ್ದಾಳೆ. ನೆಲ ಅವಳೇ ಒರೆಸಿ ಹೋಗಿದ್ದಾಳೆ. ನನಗೆ ಯಾಕೋ ಸರಿ ಕಾಣುವುದಿಲ್ಲ. ಫೋನ್ ಮಾಡಿ ವಾಪಸ್ ಕರೆಯುವುದಾ?"

"ಆಕಿ ನಟಿ ಅದಾಳ್ರಿ ಬಾಯಿ. ಅಳೂದೂ ಗೊತ್ತದ, ಅಳದ ಕೂಡೂದೂ ಗೊತ್ತದ. ನೀವು ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ," ಎಂದೆ.

ಲಿಲ್ಲಿ ಬಾಯಿ ನನ್ನ ಮುಖವನ್ನೇ ನೋಡಿ ಹೊರಟುಹೋದರು. ಅವರು ನನ್ನ ಮಾತನ್ನು ಮೀರಿ ಏನೂ ಮಾಡುವವರಲ್ಲ. ಅಂದು ಮೀರಬೇಕಿತ್ತು ಎಂದು ಅವರು ತಮ್ಮನ್ನೇ ಬಹಳ ದಿನ ಬೈದುಕೊಂಡರು.

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆಯ ನಡುವೆ, ಎಲ್ಲರೂ ಮೊಣಕಾಲೂರುವಾಗ, ಅವಳು ಊರಿದಲ್ಲೇ ಪಕ್ಕಕ್ಕೆ ಬಿದ್ದಳಂತೆ. ಲಿಲ್ಲಿ ಬಾಯಿಯೂ ಅವರ ಗಂಡನೂ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅಪೆಂಡಿಕ್ಸ್ ಒಡೆದಿತ್ತು. ಅದು ಕರುಳಿನ ಹಿಂದೆ ಅಡಗಿ ಕೂತಿದ್ದರಿಂದ ಮುಂದಿನಿಂದ ಒತ್ತಿದರೆ ತಿಳಿಯುವುದು ಕಷ್ಟ ಎಂದು ಸರ್ಜನ್ನರ ಪತ್ರದಲ್ಲಿತ್ತು. ಆ ಸಾಲು ನನ್ನನ್ನು ಉಳಿಸುವ ಸಾಲು. ನಾನು ಅದನ್ನು ಬಹಳ ಸಲ ಓದಿದೆ. ಆದರೆ ಒಂದು ರಕ್ತಪರೀಕ್ಷೆ, ಸಂಜೆ ಒಂದು ಫೋನು, ಇಷ್ಟನ್ನು ಬೇರೆ ಯಾವ ರೋಗಿಗಾದರೂ ಮಾಡುತ್ತಿದ್ದೆ. ಹೊಟ್ಟೆಯೊಳಗೆಲ್ಲ ಕೀವು ಹರಡಿ ಅವಳು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದಳು. ಸ್ಕೂಲ್ ಟೀಚರ್ ಪಾರ್ಟನ್ನು ಬೇರೊಬ್ಬಳಿಗೆ ಕೊಟ್ಟರು.

ನೋಡಲು ಹೋದೆ. ಕರುಣೆಯಿಂದ ಹೋದೆ ಎಂದು ಹೇಳಲಾರೆ. ದೂರು ಕೊಡುತ್ತಾಳೇನೋ ಎಂಬ ಹೆದರಿಕೆ ಇತ್ತು. ದ್ರಾಕ್ಷಿ ಹಿಡಿದುಕೊಂಡು ಹೋದೆ, ಅವಳಿನ್ನೂ ತಿನ್ನುವಂತಿಲ್ಲ ಎಂಬುದು ಡಾಕ್ಟರಾದ ನನಗೇ ಮರೆತಿತ್ತು. ಹಾಸಿಗೆಯ ಪಕ್ಕ ತಾಯಿ ಕೂತಿದ್ದಳು. ಕೆಲಸದಿಂದ ಸೀದಾ ಬಂದಿರಬೇಕು, ನೀಲಿ ಏಪ್ರನ್ ಇನ್ನೂ ಮೈಮೇಲಿತ್ತು. ನಾನು ಮಗಳ ಡಾಕ್ಟರು ಎಂದು ತಿಳಿದ ಕೂಡಲೇ ಎದ್ದು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ನನ್ನ ಕಣ್ಣನ್ನೇ ನೋಡುತ್ತಾ ಸ್ಪ್ಯಾನಿಷ್ಷಿನಲ್ಲಿ ಮಾತಾಡಿದಳು. ತುಂಬಾ ಹೊತ್ತು ಮಾತಾಡಿದಳು. ನಾನು ಮಗಳ ಕಡೆ ನೋಡಿದೆ.

"ಥ್ಯಾಂಕ್ಸ್ ಅಂತಿದ್ದಾಳೆ," ಎಂದಳು.

"ಇಷ್ಟುದ್ದದ ಮಾತಿಗೆ ಅಷ್ಟೇನಾ?"

"ಅಮ್ಮ ಎಲ್ಲಾನೂ ಉದ್ದ ಮಾಡೇ ಹೇಳೋದು."

ಆ ತಾಯಿ ನನ್ನನ್ನು ಹರಸಿದಳೋ ಶಪಿಸಿದಳೋ ಎನ್ನುವುದು ನನಗೆ ಇಂದಿಗೂ ಗೊತ್ತಿಲ್ಲ. ಮಗಳು ನಡೆದದ್ದನ್ನು ತಾಯಿಗೆ ಹೇಳಿದ್ದಳೋ ಇಲ್ಲವೋ ಅದೂ ಗೊತ್ತಿಲ್ಲ. ಬಾಗಿಲ ತನಕ ಬಂದ ಮೇಲೂ ಬೆನ್ನಿನ ಹಿಂದೆ ಆ ಮಾತು ನಡೆದೇ ಇತ್ತು.

ದೂರು ಬರಲಿಲ್ಲ. ತಿಂಗಳುಗಟ್ಟಲೆ ಬೆಳಗಿನ ಟಪಾಲು ಬಿಚ್ಚುವಾಗಲೆಲ್ಲ ಕಾದೆ. ಬರಲಿಲ್ಲ ಎಂದು ನಿರಾಳವಾಗುವ ಬದಲು, ಏಕೆ ಬರಲಿಲ್ಲ ಎಂದು ಚಡಪಡಿಸಿದೆ. ಗಾಯ ತೋರಿಸಲು ಕ್ಲಿನಿಕ್ಕಿಗೆ ಬಂದ ದಿನ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದಳು, "ಆ ಶುಕ್ರವಾರ ನಾನು ಸುಳ್ಳು ಹೇಳ್ತಿದೀನಿ ಅಂತ ಅಂದ್ಕೊಂಡ್ರಾ ಡಾಕ್ಟರ್?"

"ಛೆ, ಇಲ್ಲ. ಲಕ್ಷಣಗಳು ಸ್ಪಷ್ಟವಿರಲಿಲ್ಲ," ಎಂದೆ.

"ಸರಿ," ಎಂದಳು.

ಆರು ತಿಂಗಳ ಮೇಲೆ ಒಂದು ಬುಧವಾರ ಕಾಲೇಜಿಗೆ ಹೋದಾಗ ಕೈಗೆ ಹೊಸ ಕಾರ್ಡು ಬಂತು. ಪಾರ್ಟು ಮಾಡುವವರೇ ತಮ್ಮ ಅನುಭವದಿಂದ ಒಂದೊಂದು ಕಾರ್ಡು ಬರೆದುಕೊಡಬೇಕೆಂದು ಕಾಲೇಜಿನವರು ಕೇಳಿದ್ದರಂತೆ. ಇದು ಅವಳು ಬರೆದದ್ದು. ಹೆಂಗಸು, ಹೊಟ್ಟೆನೋವು, ನಿನ್ನೆಯಿಂದ. ವಾಂತಿಯಾಗಿದೆ, ಕೇಳಿದರೆ ಮಾತ್ರ ಹೇಳಬೇಕು. ಕೆಳಗೆ ಒಂದು ಸಾಲು: ಏನನ್ನೂ ತೋರಿಸಬಾರದು.

ನನ್ನ ಕಿವಿ ಬಿಸಿಯಾಯಿತು. ದೂರು ಏಕೆ ಕೊಡಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು ಎಂದುಕೊಂಡೆ. ಇಲ್ಲಿ, ಇವರೆಲ್ಲರ ಮುಂದೆ, ನನ್ನನ್ನು ಕೂರಿಸಿ ತೀರಿಸಿಕೊಳ್ಳುತ್ತಾಳೆ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಅವಳು ಕುರ್ಚಿಯಲ್ಲಿ ಅಂದಿನ ಹಾಗೆಯೇ ಕೂತಳು. ಆರು ಜನ ವಿದ್ಯಾರ್ಥಿಗಳಲ್ಲಿ ಐದು ಜನ ಅವಳನ್ನು ಮನೆಗೆ ಕಳಿಸಿದರು. ಒಬ್ಬ ಆ್ಯಸಿಡಿಟಿ ಎಂದ. ಇನ್ನೊಬ್ಬಳು ಮನಸ್ಸಿನ ಒತ್ತಡ ಎಂದಳು. ಆರನೆಯವಳು ಉದ್ದನೆಯ, ಸಂಕೋಚದ ಹುಡುಗಿ. ಮಾತು ಶುರುವಾಗುವ ಮುಂಚೆ ಎರಡೆರಡು ಸಲ ತಡವರಿಸುವವಳು. ಅವಳು ಪಟ್ಟಿಯ ಪ್ರಶ್ನೆಗಳನ್ನೆಲ್ಲ ಬಿಟ್ಟು, ನಟಿಯ ಬೆನ್ನನ್ನೂ ಕೈಗಳನ್ನೂ ನೋಡಿ ಕೇಳಿದಳು.

"ನೀವು ಯಾಕೆ ಇಷ್ಟು ನೆಟ್ಟಗೆ ಕೂತಿದೀರಿ?"

ನನ್ನ ನಟಿ ಮಾತು ಮರೆತಳು. ನಾಲ್ಕು ವರ್ಷದಲ್ಲಿ ಅವಳು ಮಾತು ಮರೆತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರ ಇರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

"ಬಗ್ಗಿದ್ರೆ ನಾಟಕ ಅಂತೀರ. ಕೈ ಇಟ್ಕೊಂಡ್ರೂ ನಾಟಕ ಅಂತೀರ. ಅದಕ್ಕೆ ಏನೂ ಮಾಡದೆ, ಇದ್ದದ್ದನ್ನ ಬರೀ ಬಾಯಲ್ಲಿ ಹೇಳಿದ್ರೆ ನಂಬ್ತೀರೇನೋ ಅಂದ್ಕೊಂಡೆ."

ಆ ಶುಕ್ರವಾರ ಅವಳು ಹಾಗೆ ಕೂತದ್ದು ನನಗಾಗಿ. ನಿನ್ನ ಮಾತನ್ನು ಹೇಗೆ ನಂಬಲಿ ಎಂದು ನಾನು ಕೇಳಿದ್ದ ಪ್ರಶ್ನೆಗೆ ಎರಡು ವರ್ಷದ ಮೇಲೆ ಅವಳು ಕಂಡುಕೊಂಡಿದ್ದ ಉತ್ತರ ಅದು. ಒಳಗೆ ಕೀವು ತುಂಬುತ್ತಿರುವಾಗ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು. ನಾನು ಅದನ್ನೂ ಉಪಾಯವೆಂದು ಓದಿದ್ದೆ.

ಪಾಠ ಮುಗಿದು ಎಲ್ಲರೂ ಸುತ್ತ ಕೂತು ಮಾತಾಡುವಾಗ, ಮೊದಲು ಆ್ಯಸಿಡಿಟಿ ಎಂದಿದ್ದ ಹುಡುಗ ಸ್ವಲ್ಪ ಕೋಪದಿಂದಲೇ ಹೇಳಿದ, "ಇದು ಅತಿಯಾಯ್ತು. ನಿಜವಾದ ಡಾಕ್ಟರು ಯಾರೂ ಹೀಗೆ ಕಳಿಸಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ನೀರಿನ ಲೋಟ ಎತ್ತಿಕೊಂಡು ಕುಡಿದಳು. ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಲೋಟ ಕೆಳಗಿಟ್ಟು ತನ್ನ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಳು. ಹೇಳುವ ಉದ್ದೇಶವೇ ಅವಳಿಗಿಲ್ಲ ಎಂದು ನನಗೆ ತಿಳಿದದ್ದು ಆಗ.

"ನಾನು ಕಳಿಸಿದೆ," ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಇವರನ್ನೇ. ಇದೇ ಹೊಟ್ಟೆನೋವಿಗೆ. ಇವರು ನಟಿ, ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಇವರೇ ಕೇಳಿದಾಗ ಹಾಗೆ ಅಂದುಕೊಳ್ಳಲಿಲ್ಲ ಎಂದೂ ಹೇಳಿದೆ."

ಹೊರಗೆ ಲಿಫ್ಟಿಗೆ ಕಾಯುವಾಗ ಅವಳು ಪಕ್ಕಕ್ಕೆ ಬಂದು ನಿಂತಳು. ಅವಳು ಏನಾದರೂ ಹೇಳಲಿ ಎಂದು ನನಗೆ ಆಸೆಯಿತ್ತು. ಕ್ಷಮಿಸಿದೆ ಎನ್ನಲಿ, ಇಲ್ಲವೇ ಬೈಯಲಿ.

"ಚೆನ್ನಾಗಿ ಹೇಳಿದ್ರಿ ಡಾಕ್ಟರ್," ಎಂದಳು. "ನಾನು ಕಳಿಸಿದೆ ಅಂದ್ಮೇಲೆ ಸ್ವಲ್ಪ ನಿಲ್ಲಿಸಿದ್ರಲ್ಲ. ಅದು ಸರಿಯಾಗಿತ್ತು."

ಅವಳ ಮುಖ ನೋಡಿದೆ. ಅಲ್ಲಿ ಕುಹಕ ಇರಲಿಲ್ಲ. ಹೊಗಳಿಕೆಯೂ ಇರಲಿಲ್ಲ. ನಾನು ಅವಳನ್ನು ನೋಡುತ್ತಿದ್ದ ಕಣ್ಣಿನಲ್ಲೇ ಅವಳು ನನ್ನನ್ನು ನೋಡುತ್ತಿದ್ದಳು. ನಾನು ಬೇಕೆಂದೇ ನಿಲ್ಲಿಸಿದ್ದಲ್ಲ ಎಂದು ಹೇಳಬೇಕೆನಿಸಿತು. ಹೇಳಿದರೆ ಅವಳು ನಂಬುತ್ತಾಳೆ ಎಂಬ ಭರವಸೆ ನನಗೆ ಇರಲಿಲ್ಲ. ಲಿಫ್ಟು ಬಂತು. ಇಳಿದು ಅವಳು ಒಂದು ಕಡೆ ಹೋದಳು, ನಾನು ಟ್ಯೂಬ್ ಕಡೆ ನಡೆದೆ.

ಆ ಬೇಸಿಗೆಯಲ್ಲಿ ಅವಳು ಕಿಂಗ್ಸ್‌ಬರಿ ಬಿಟ್ಟು ತಾಯಿಯ ಮನೆಯ ಹತ್ತಿರಕ್ಕೆ ಹೋದಳು. ಅಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾಳೆ, ಅವಳ ಫೈಲು ಕಳಿಸಬೇಕು ಎಂದು ಪತ್ರ ಬಂತು. ಫೈಲಿನ ಜೊತೆ ಅರ್ಧ ಪುಟದ ಸಾರಾಂಶ ಬರೆಯುವುದು ನನ್ನ ಪದ್ಧತಿ. ಆಪರೇಷನ್ನು, ಔಷಧಿಗಳು, ಅಲರ್ಜಿ, ಎಲ್ಲ ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿ ಲಿಲ್ಲಿ ಬಾಯಿಗೆ ಕೊಟ್ಟೆ.

ಅವರು ಟೈಪ್ ಮಾಡುತ್ತಾ ಮಾಡುತ್ತಾ ನಿಂತರು. ಹಾಳೆಯನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು.

"ಈ ಕೊನೆಯದ್ದೂ ಹಾಕ್ಲಿಕ್ಕುಂಟಾ ಡಾಕ್ಟ್ರೇ?"

"ಯಾವುದ್ರಿ?"

"ಈ ರೋಗಿ ತನ್ನ ನೋವನ್ನು ಕಡಿಮೆ ಮಾಡಿ ಹೇಳುತ್ತಾಳೆ. ಹೇಳಿದರೆ ನಂಬಿ." ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇಷ್ಟು ವರ್ಷದಲ್ಲಿ ನೀವು ಯಾರಿಗೂ ಹೀಗೆ ಬರೆದದ್ದಿಲ್ಲ."

"ಹಾಕ್ರಿ ಬಾಯಿ," ಎಂದೆ.

ಅವರು ಹೋಗಿ ಹಾಕಿದರು.